ಓಗೊಡದ ಹೆಸರು

ಮೋಬಿಯೊ,

ನಮ್ಮ ಹೊಲ ಕೊಂಡ ಕಂಪನಿಯವರು ಶಾಲೆ ಕಟ್ಟಿಸುತ್ತೇವೆ ಅಂದರು, ಕಟ್ಟಿಸಲಿಲ್ಲ. ಆಸ್ಪತ್ರೆ ಅಂದರು, ಬರಲಿಲ್ಲ. ಮನೆಗೊಂದು ನಿವೇಶನ ಅಂದರು, ಅದೂ ಇಲ್ಲ. ಒಂದೇ ವಯಸ್ಸಿನ ನಮ್ಮ ಓರಗೆಯವರ ಕೂಟದ ಪರವಾಗಿ ಮಾರಾಟದ ಪತ್ರಕ್ಕೆ ರುಜು ಹಾಕಿದವನು ನೀನು. ಹಾಕಿ ಅಬಿಜಾನ್ ನಗರ ಸೇರಿಕೊಂಡೆ. ನಮ್ಮ ಬಿಂಜರ್‌ವಿಲ್ ಫ್ರೆಂಚರ ರಾಜಧಾನಿಯಾಗಿದ್ದಾಗಲೂ ಉಳಿದಿದ್ದ ನಮ್ಮ ಹೆಂಗಸರ ಮರಗೆಣಸಿನ ಹೊಲ ಈಗ ಗೋಡೆಯೊಳಗೆ, ನಗರದ ಸಾಹೇಬರ ತಂಪು ಬಡಾವಣೆ.

ಇವತ್ತು ಓರಗೆಯವರ ಸಭೆಯಲ್ಲಿ ಹಿರಿಯ ಜೋಮನ್ ಹಾಜರಿಗೆ ನಿನ್ನ ಹೆಸರು ಕೂಗಿದ. ಬಾರದವನ ಪರವಾಗಿ ಗೆಳೆಯ ಓಗೊಡಬೇಕು, ಇಲ್ಲದಿದ್ದರೆ ಅವನು ಸತ್ತಂತೆ. ಆರು ವರ್ಷ ನಿನಗಾಗಿ ನಾನೇ ಓಗೊಟ್ಟೆ. ಇವತ್ತು ಬಾಯಿ ಬಿಡಲಿಲ್ಲ.

"ಏನೋ ಅಕ್ರೆ, ನಾಲಿಗೆ ಬಿದ್ದುಹೋಯ್ತಾ?" ಅಂದ ಜೋಮನ್.

ಹಿಂದೆ ಕೂತಿದ್ದ ನಿನ್ನ ಅವ್ವ ನನ್ನ ತೋಳು ಹಿಡಿದಳು. "ಓ ಅನ್ನಪ್ಪ. ಒಂದಕ್ಷರ ತಾನೆ."

"ನಿನ್ನ ಮಗ ಸತ್ತ, ಅವ್ವ," ಅಂದೆ. ಯಾರೋ ನಕ್ಕರು. ಜೋಮನ್ ನಿನ್ನ ಹೆಸರು ಹೊಡೆದುಹಾಕಿದ. ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಉಣ್ಣಿಸಿದ ಆ ಕೈ ನನ್ನ ತೋಳು ಬಿಡಲು ತುಂಬಾ ಹೊತ್ತು ಹಿಡಿಯಿತು.

ಈ ಕಾಗದ ಅಂಚೆಗೆ ಹಾಕುವುದಿಲ್ಲ, ನಿನ್ನ ಅವ್ವನ ಬಾಗಿಲಡಿ ತೂರಿಸುತ್ತೇನೆ. ಆ ಹೊಲದಲ್ಲಿ ನಿನ್ನ ಅವ್ವನ ಪಾಲೂ ಇತ್ತು, ಆದರೆ ಹೆಸರು ಹೋದವನ ಮನೆಗೆ ಕರೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಗೋಡೆ ಒಡೆಯುವ ಸಭೆ ಶನಿವಾರ, ಸಂಜೆ ನಾಲ್ಕಕ್ಕೆ.