ಬಣ್ಣಕ್ಕೆ ಅಂಟಿಕೊಂಡಿದ್ದ ಕಿಟಕಿ

ರೀ,

ಬೀದಿ ಕಡೆಯ ಕೋಣೆಗೆ ಮೆಲ್ಲಗೆ ಹೋಗಿ. ಮಾವ ಮಲಗಿದ್ದಾರೆ. ಈ ಬೇಸಿಗೆಯಲ್ಲಿ ಮೊದಲ ಸಲ ಅವರ ಗೊರಕೆ ಕೇಳಿಸುತ್ತಿದೆ!

ಮಧ್ಯಾಹ್ನ ಕೆಂಡದಂಥ ಬಿಸಿಲಲ್ಲೇ ಆಲಿಕಲ್ಲು ಸುರಿಯಿತು. ಬೀದಿಯವರೆಲ್ಲ ಕಿಟಕಿ ತೆರೆದು ತಣ್ಣನೆಯ ಗಾಳಿಗೆ ಮುಖ ಒಡ್ಡಿದ್ದರು. ಮಾವ ಮಾತ್ರ ಬೆವರುತ್ತಾ ಕೂತಿದ್ದರು. ಅವರ ಮಗರಾಯರು ಆ ಕೋಣೆಯ ಕಿಟಕಿಯ ಬಾಗಿಲನ್ನೂ ಚೌಕಟ್ಟನ್ನೂ ಸೇರಿಸಿ ಬಣ್ಣ ಬಳಿದು ಅಂಟಿಸಿಬಿಟ್ಟಿದ್ದರಲ್ಲ! “ಬಡಗಿ ಬರೋವರೆಗೂ ಅದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ನೀನು ಮುಟ್ಟಬೇಡ” ಅಂದಿದ್ದಿರಿ.

ಮುಟ್ಟಿದೆ. ದೋಸೆ ಮಗುಚುವ ಕೈಯಿಂದ ಸುತ್ತಲೂ ಕೆರೆದು, ತೋಳೇರಿಸಿ, ಭುಜ ಕೊಟ್ಟು ನೂಕಿದೆ. ಧಡಾರನೆ ತೆರೆಯಿತು! ಎದುರುಮನೆಯ ಟೈಲರ್ ಅಕ್ಕ ಚಪ್ಪಾಳೆ ತಟ್ಟಿದರು. “ಯಾರು ಅಂದ್ಕೊಂಡೆ? ನನ್ನ ಸೊಸೆ ಕಣಮ್ಮಾ!” ಎಂದು ಮಾವ ಬೀದಿಗೆಲ್ಲ ಕೇಳುವಂತೆ ಕೂಗಿದರು.

ಮಗುಚುವ ಕೈ ಸೊಟ್ಟಗಾಗಿದೆ, ಹೊಸದು ತನ್ನಿ. ನೀವು ನಂಬುವವರಲ್ಲ ಅಂತ ಒಂದು ಬಟ್ಟಲು ಆಲಿಕಲ್ಲು ಫ್ರೀಜರ್‌ನಲ್ಲಿಟ್ಟಿದ್ದೇನೆ. ಶರಬತ್ತಿಗೆ ಹಾಕಿಕೊಂಡೀರಿ, ಹುಷಾರ್. ಬಡಗಿ ಬಂದರೆ ಟೀ ಕೊಟ್ಟು ಕಳಿಸಿ. ನಾನು ಅಂಗಡಿಗೆ ಹೊರಟೆ.

ಕಿಟಕಿ ಮಾತ್ರ ಮುಚ್ಚಬೇಡಿ. ಮುಚ್ಚಲೇಬೇಕು ಅನ್ನಿಸಿದರೆ ಹೊರಗಡೆ ನಿಂತು ಮುಚ್ಚಿ. ನಮ್ಮದು ಮೂರನೇ ಮಹಡಿ, ನೆನಪಿರಲಿ.