ಯಂತ್ರದ ಬೆನ್ನು ತೊಳೆದವಳು ನಾನೇ

ಯಂತ್ರಗಳ ಇಂಧನ ದಕ್ಷತೆಯನ್ನು ಪರೀಕ್ಷಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಮನೆಯ ಕೆಳಗಿರುವ ಬಟ್ಟೆ ಅಂಗಡಿಯ ನಾಲ್ಕು ಎ.ಸಿ. ಯಂತ್ರಗಳಿಗೆ ನಿಮ್ಮವರು ‘ತೇರ್ಗಡೆ’ ಎಂದು ಹಸಿರು ಚೀಟಿ ಅಂಟಿಸಿ ಹೋಗಿದ್ದಾರೆ. ಆ ಚೀಟಿ ಸುಳ್ಳು. ಅದನ್ನು ಕಿತ್ತುಹಾಕಿ ಎಂದು ಕೇಳಲು ಈ ಪತ್ರ. ಸುಳ್ಳೆಂದು ನನಗೆ ಹೇಗೆ ಗೊತ್ತು ಎಂದರೆ, ಅದರಲ್ಲಿ ನನ್ನ ಕೈಯೂ ಇದೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ‘ದಕ್ಷತೆ’ ಎಂದು ಬರೆಯಲು ಮೊಮ್ಮಗಳನ್ನು ಕೇಳಬೇಕಾಯಿತು. ಅರ್ಥಕ್ಕೆ ಯಾರನ್ನೂ ಕೇಳಲಿಲ್ಲ. ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವುದನ್ನು ಏಳನೇ ವಯಸ್ಸಿಗೇ ಕಲಿತವಳು ನಾನು. ಆದರೆ ನಮ್ಮ ಒಲೆಯ ಹೊಗೆ ಪಕ್ಕದ ಮನೆಯವರ ಕಣ್ಣಿಗೆ ಹೋಗುತ್ತಿದ್ದರೆ ಅದನ್ನು ಒಳ್ಳೆಯ ಒಲೆ ಎಂದು ಯಾರೂ ಅನ್ನುತ್ತಿರಲಿಲ್ಲ.

ನಮ್ಮದು ಅಂಗಡಿಯ ಮೇಲಿನ ಎರಡು ಕೋಣೆ. ಹಿಂದೆ ಒಂದು ಓಣಿ, ಎರಡು ಕಡೆಯವರೂ ಕಿಟಕಿಯಿಂದ ಕೈ ಚಾಚಿದರೆ ನಡುವೆ ಒಂದು ಮೊಳ ಉಳಿಯುವಷ್ಟು ಅಗಲ. ಎದುರು ಕಿಟಕಿಯಲ್ಲಿ ಒಬ್ಬಳಿದ್ದಳು, ನನಗಿಂತ ಆರು ವರ್ಷ ಚಿಕ್ಕವಳು. ದರ್ಜಿ ಅಂಗಡಿಗಳಿಗೆ ಅಂಗಿಯ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುವುದು ಅವಳ ಕೆಲಸ, ಹಾಗಾಗಿ ಎಲ್ಲರ ಬಾಯಲ್ಲೂ ಕಾಜಾದವಳು. ಅವಳ ಕಣ್ಣು ಮಂಜು, ನನ್ನದು ಆಪರೇಷನ್ ಆದ ಮೇಲೆ ಹದ್ದಿನ ಕಣ್ಣು. ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ, ಒಂದು ಬಟ್ಟೆಯ ತುಂಡಿಗೆ ಚುಚ್ಚಿ, ನೆಲ ಒರೆಸುವ ಕೋಲಿನ ತುದಿಗೆ ಸಿಕ್ಕಿಸಿ ಅವಳ ಕಿಟಕಿಗೆ ದಾಟಿಸುತ್ತಿದ್ದೆ. ಹತ್ತೂ ಮುಗಿಯುವವರೆಗೆ ಮಾತು. ಒಂಬತ್ತು ವರ್ಷ ಹೀಗೆ ನಡೆಯಿತು. ಅವಳ ಸೊಸೆಯನ್ನು ನಾನು ಬೈದೆ, ನನ್ನ ಅಳಿಯನನ್ನು ಅವಳು ಬೈದಳು, ಇಬ್ಬರಿಗೂ ಹಗುರವಾಗುತ್ತಿತ್ತು.

ಆಮೇಲೆ ಅಂಗಡಿಯವರು ಎಲ್ಲೋ ಬಳಸಿ ಹಳೆಯದಾದ ಎ.ಸಿ.ಗಳ ಆ ನಾಲ್ಕು ಹೊರಪೆಟ್ಟಿಗೆಗಳನ್ನು ತಂದು ನಮ್ಮ ಹಿಂದಿನ ಮೆಟ್ಟಿಲ ಕಟ್ಟೆಯ ಮೇಲೆ ಕೂರಿಸಿದರು. ಅವುಗಳ ಬೆನ್ನು ನನ್ನ ಕಡೆ, ಬಾಯಿ ಅವಳ ಕಡೆ. ನನಗೆ ಬರೀ ಸದ್ದು, ಅವಳಿಗೆ ಬೆಂಕಿಯಂಥ ಗಾಳಿ. ಒಳಗೆ ಸೀರೆ ಆರಿಸುವವರಿಗೆ ಬೆವರು ಬರಬಾರದೆಂದು ಇಲ್ಲಿ ಹೊಲಿಯುವವಳ ಕೈ ಬೆವತು ಸೂಜಿ ಜಾರುತ್ತಿತ್ತು. ಹಗಲೆಲ್ಲ ಅವಳು ಕಿಟಕಿ ಮುಚ್ಚಿಕೊಳ್ಳಬೇಕಾಯಿತು. ನಾನು ಗಾಜಿಗೆ ಕೋಲು ತಟ್ಟಿ ಸೂಜಿ ಕೊಡುವುದು, ಅವಳು ಒಂದು ಗೇಣು ತೆರೆದು ಎಳೆದುಕೊಂಡು ಮತ್ತೆ ಮುಚ್ಚುವುದು.

ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ ಒಳ್ಳೆಯವನು. ಗಾಳಿ ಸ್ವಲ್ಪ ಕಡಿಮೆ ಸುಡುವಂತೆ ಏನಾದರೂ ಮಾಡಪ್ಪ ಎಂದು ಅವನನ್ನು ಕೇಳಿದೆ. ಧೂಳು ಕಟ್ಟಿದರೆ ಅದಕ್ಕೆ ಉಸಿರುಗಟ್ಟುತ್ತೆ ಅಜ್ಜಿ, ಬೆನ್ನು ತೊಳೆದರೆ ಶಾಖ ತುಸು ಇಳಿಯುತ್ತೆ, ಆದರೆ ಮಾಲೀಕರು ವರ್ಷಕ್ಕೊಮ್ಮೆಗಿಂತ ಹೆಚ್ಚು ತೊಳೆಸಲ್ಲ ಎಂದ. ಅಷ್ಟು ಕೇಳಿದ್ದೇ ತಡ, ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಯಂತ್ರ ನಿಂತಿರುವಾಗ, ಒಂದು ಬಕೆಟ್ ನೀರು ಮತ್ತು ಹಳೇ ಬ್ರಷ್ ಹಿಡಿದು ಮೆಟ್ಟಿಲಲ್ಲಿ ಕೂರತೊಡಗಿದೆ. ನನ್ನ ಮಕ್ಕಳ ಬೆನ್ನನ್ನೂ ಅಷ್ಟು ಮುತುವರ್ಜಿಯಿಂದ ತಿಕ್ಕಿರಲಿಲ್ಲ. ಕಾಜಾದವಳಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಎನ್ನುತ್ತಿದ್ದಳು. ಅಂಗಡಿ ತೆರೆದ ಮೇಲೂ ಬೆಳಗಿನ ಹೊತ್ತು ಒಂದು ಗಂಟೆ ಅವಳ ಕಿಟಕಿ ತೆರೆದಿರತೊಡಗಿತು. ನನಗೆ ಅಷ್ಟು ಸಾಕಾಗಿತ್ತು.

ಆಗ ನಿಮ್ಮ ನಿಯಮ ಬಂತು. ದೊಡ್ಡ ಅಂಗಡಿ, ಕಚೇರಿಗಳ ಹಳೆಯ ಎ.ಸಿ. ಎಷ್ಟು ಕರೆಂಟು ತಿಂದು ಎಷ್ಟು ತಂಪು ಕೊಡುತ್ತದೆ ಎಂದು ಅಳೆಯುತ್ತಾರಂತೆ, ಫೇಲಾದರೆ ತೆಗೆಸುತ್ತಾರಂತೆ, ಹೊಸದನ್ನು ತಾರಸಿಯ ಮೇಲೇ ಇಡಬೇಕಂತೆ. ಮೊಮ್ಮಗಳು ಪೇಪರಿನಲ್ಲಿ ಓದಿ ಹೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು; ಅವಳಿಗೆ ಬಿಡುವು ಸಿಕ್ಕಿ ನನ್ನ ಜೊತೆ ಅಷ್ಟು ಹೊತ್ತು ಕೂತಿದ್ದೇ ಒಂದು ಸುದ್ದಿ. ಎದುರುಮನೆಯಲ್ಲೂ ಅದೇ ಮಾತು. ಪರೀಕ್ಷೆ ಆಗಲಿ ಅಕ್ಕಾ, ಪೀಡೆ ತೊಲಗುತ್ತೆ ಎಂದು ಕಾಜಾದವಳು ದಿನ ಎಣಿಸುತ್ತಿದ್ದಳು.

ಪರೀಕ್ಷೆಯ ದಿನ ನಾನು ಏನು ಮಾಡಬೇಕಿತ್ತು? ಕೈಕಟ್ಟಿ ಕೂರಬೇಕಿತ್ತು. ಆದರೆ ಸಾಹೇಬರು ಬರುತ್ತಾರೆ, ಕೊಳೆ ಕಂಡರೆ ಪಾಪ ಆ ಮೆಕ್ಯಾನಿಕ್‌ಗೆ ಬೈಗುಳ ಬೀಳುತ್ತದೆ ಎಂದು ಎಣಿಸಿ, ಅವತ್ತು ಎರಡು ಬಕೆಟ್ ನೀರಿನಲ್ಲಿ ತೊಳೆದೆ. ತೊಳೆದರೆ ಅಳತೆಯೇ ಬದಲಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ನಿಮ್ಮವರು ಬಂದರು. ಅಂಗಡಿಯೊಳಗೆ ಗಾಳಿ ಅಳೆದರು, ವಯರಿಗೆ ಇಕ್ಕಳದಂಥದ್ದೊಂದನ್ನು ಕಚ್ಚಿಸಿ ಕರೆಂಟು ನೋಡಿದರು, ಮೆಟ್ಟಿಲಿಗೆ ಬಂದು ಚೀಟಿ ಅಂಟಿಸಿದರು. ಮೆಟ್ಟಿಲು ಇನ್ನೂ ಒದ್ದೆ ಇತ್ತು. ಏಕೆ ಒದ್ದೆ ಎಂದು ಕೇಳಲಿಲ್ಲ. ಬಿಸಿಗಾಳಿ ಹೋಗಿ ಬಡಿಯುವ ಕಡೆ ತಲೆ ಎತ್ತಿ ನೋಡಲಿಲ್ಲ. ಅಜ್ಜಿ, ಪಕ್ಕಕ್ಕೆ ಬನ್ನಿ, ಜಾರುತ್ತೆ ಎಂದರು. ನನ್ನ ಬಗ್ಗೆ ನಿಮ್ಮ ಇಲಾಖೆ ತೋರಿಸಿದ ಕಾಳಜಿ ಅದೊಂದೇ, ನೆನೆಯುತ್ತೇನೆ.

ಮಾರನೇ ವಾರ ಮೆಕ್ಯಾನಿಕ್ ಸಿಕ್ಕಾಗ ಮುಖ ಸಪ್ಪೆ ಮಾಡಿಕೊಂಡು, “ನೀವು ತೊಳೀದೇ ಇದ್ದಿದ್ರೆ ಅದು ಫೇಲ್ ಆಗ್ತಿತ್ತು ಅಜ್ಜಿ. ಮಾಲೀಕರು ಹೊಸದು ನೋಡೋಕೂ ಶುರು ಮಾಡಿದ್ರು,” ಎಂದ. ಅವನಿಂದಲೇ ಇನ್ನೊಂದು ವಿಷಯ ತಿಳಿಯಿತು. ಹೀಟ್ ಪಂಪ್ ಎಂಬುದೊಂದು ಯಂತ್ರ ಇದೆಯಂತೆ, ಹೀಗೆ ಹೊರಗೆ ಎಸೆಯುವ ಶಾಖವನ್ನೇ ಹಿಡಿದು ನೀರು ಕಾಯಿಸುತ್ತದಂತೆ. ಪಕ್ಕದ ಲಾಂಡ್ರಿಯವನು ಬೆಳಗಿನಿಂದ ಗ್ಯಾಸ್ ಉರಿಸಿ ನೀರು ಕಾಯಿಸುತ್ತಾನೆ. ಈ ಗೋಡೆಯವರು ಬಿಸಿಯನ್ನು ಬೀದಿಗೆ ಸುರಿಯುತ್ತಾರೆ. ಎರಡು ಗೋಡೆಯ ನಡುವೆ ಒಂದು ಪೈಪು ಹಾಕಿಸಲು ನಿಮ್ಮ ನಿಯಮದ ಎಷ್ಟನೇ ಪುಟ ಅಡ್ಡ ಬರುತ್ತದೆ, ಸ್ವಾಮಿ? ಒಳಗಿನ ತಂಪು ನಿಮ್ಮ ಲೆಕ್ಕಕ್ಕೆ ಬರುತ್ತದೆ, ಹೊರಗಿನ ಬಿಸಿ ಏಕೆ ಬರುವುದಿಲ್ಲ? ಹೊರಗಿರುವವರು ಗಿರಾಕಿಗಳಲ್ಲ ಎಂದೇ?

ಹಸಿರು ಚೀಟಿ ಮೂರು ವರ್ಷಕ್ಕೆ. ಅದನ್ನು ಕೇಳಿದ ದಿನ ಕಾಜಾದವಳು ಕಿಟಕಿ ಪೂರ್ತಿ ತೆರೆದು, ಬಿಸಿಗಾಳಿಯನ್ನು ಮುಖಕ್ಕೆ ತಗೊಂಡು ನಿಂತಳು. “ಇನ್ನು ಮೂರು ವರ್ಷ ನನ್ನ ಎದೆ ತಡೆಯಲ್ಲ ಅಕ್ಕಾ. ತಂಗಿ ಮಗಳು ಕರೀತಿದಾಳೆ,” ಎಂದಳು. ತೊಳೆದವಳು ನಾನೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಹೋಗುವ ದಿನ ಓಣಿಯಲ್ಲಿ ನಿಂತು ಬರ್ತೀನಿ ಅಕ್ಕಾ ಎಂದಳು. ಹೋಗುವವರೆಲ್ಲ ಹಾಗೇ ಅನ್ನುವುದು, ನನಗೂ ಗೊತ್ತಿದೆ. ಆದರೂ ಅವಳ ಮಟ್ಟಿಗೆ ಅದನ್ನು ಕೊಟ್ಟ ಮಾತೆಂದೇ ಹಿಡಿದುಕೊಂಡಿದ್ದೇನೆ.

ಈಗ ಎದುರು ಕಿಟಕಿಗೆ ಒಳಗಿನಿಂದ ರಟ್ಟು ಹೊಡೆದಿದೆ. ಯಂತ್ರಗಳು ಯಾರೂ ಇಲ್ಲದ ಕಿಟಕಿಗೆ ಊದುತ್ತಲೇ ಇವೆ. ಕೆಲವು ದಿನ ಮೊಮ್ಮಗಳು ಕೆಲಸದಿಂದ ಬಂದು ಕೇಳುವವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಟಿರುವುದಿಲ್ಲ. ಮೊದಲ ಮಾತಿಗೆ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ. ಮೊನ್ನೆ ಮೆಕ್ಯಾನಿಕ್ ಬಂದಾಗ ಟೀ ಕುಡಿಸಿ, ಕೆಟ್ಟಿಲ್ಲದ ನಮ್ಮ ಫ್ಯಾನು ಕೆಟ್ಟಿದೆ ಎಂದು ಹೇಳಿ ಅರ್ಧ ಗಂಟೆ ಕೂರಿಸಿಕೊಂಡೆ. ಅವನು ಬಿಚ್ಚಿ ನೋಡಿದ, ಒರೆಸಿ ಮತ್ತೆ ಜೋಡಿಸಿದ.

ನಾನು ಕೇಳುವುದು ಇಷ್ಟು. ಹೇಳದೆ ಕೇಳದೆ ಬಂದು ಆ ಯಂತ್ರಗಳನ್ನು ಮತ್ತೆ ಅಳೆಯಿರಿ. ಅಳೆಯುವಾಗ ನಿಮ್ಮ ಒಬ್ಬ ಸಾಹೇಬರನ್ನು ಎದುರು ಕಿಟಕಿಯಲ್ಲಿ ಕೂರಿಸಿ, ಕೈಗೊಂದು ಅಂಗಿ ಕೊಡಿ, ಒಂದೇ ಒಂದು ಕಾಜಾ ಹೊಲಿಯಲಿ. ಕಾಜಾದವಳು ಕೊಟ್ಟುಹೋದ ಆ ಮನೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ಒಂದೂವರೆ ತಿಂಗಳಿನಿಂದ ನಾನು ತೊಳೆದಿಲ್ಲ, ತೊಳೆಯುವುದೂ ಇಲ್ಲ. ಬೇರೆ ಊರುಗಳಲ್ಲಿ ನನ್ನಂಥ ಪೆದ್ದಿಯರು ಇನ್ನೆಷ್ಟು ಯಂತ್ರ ಪಾಸು ಮಾಡಿಸಿದ್ದಾರೋ, ಅದನ್ನೂ ವಿಚಾರಿಸಿ.

ಇದನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಏಕೆ ಕೊಟ್ಟೆ ಎನ್ನುತ್ತೀರೇನೋ. ಕಾಜಾದವಳಿಗೆ ಈಗ ತಂಗಿ ಮಗಳ ಮನೆಯಲ್ಲಿ ಪೇಪರು ಓದಿ ಹೇಳುವವರಿದ್ದಾರೆ. ಎದುರು ನಿಂತು ಹೇಳಲಾಗದ್ದನ್ನು ಹೀಗಾದರೂ ಕೇಳಿಸಿಕೊಳ್ಳಲಿ, ಬೈಯಬೇಕೆನಿಸಿದರೆ ಬೈಯಲು ಬರಲಿ. ಹತ್ತು ಸೂಜಿಗೆ ದಾರ ಪೋಣಿಸಿ, ಬಟ್ಟೆಯ ತುಂಡಿಗೆ ಚುಚ್ಚಿ, ನನ್ನ ಕಿಟಕಿಯ ಸರಳಿಗೆ ಸಿಕ್ಕಿಸಿದ್ದೇನೆ.

ಇಂತಿ,
ನಿಮ್ಮ ಇಲಾಖೆಗೆ ತಿಳಿಯದೆ ಸಹಾಯ ಮಾಡಿ, ಈಗ ಬಕೆಟ್ಟು ಮಗುಚಿಟ್ಟು ಕೂತಿರುವ
ಹಿಂದಿನ ಮೆಟ್ಟಿಲ ಅಜ್ಜಿ