ಬಿಡ್ತು ಅನ್ನಿಸಬೇಡ

ಯೋಗಿ,

ಹಂಸಳ ಮಗುವಿನ ನಾಮಕರಣಕ್ಕೆ ಹೊಳೆನರಸೀಪುರಕ್ಕೆ ಹೊರಟೆ. ಸಂಜೆ ಬರುತ್ತೇನೆ. ‘ನೀವು ಓಗ್ಬನ್ನಿ, ನಾನಿವ್ನಿ’ ಎಂದು ಪಕ್ಕದ ಮನೆ ಬೆಟ್ಟಮ್ಮ ಸಂಹಿತಾಳ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. ನೀನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ಮೇಲೆ ಅವರನ್ನು ಕಳಿಸಿಕೊಡು.

ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೋ. ನಿನ್ನ ಮಗಳ ಮಾತ್ರೆ ನನ್ನ ಬೀರುವಿನಲ್ಲಿದೆ. ಬೀಗದ ಕೈ ಬೆಟ್ಟಮ್ಮನ ಹತ್ತಿರ. ಊಟವಾದ ಮೇಲೆ ಒಂದು ಕೊಟ್ಟು ಮತ್ತೆ ಬೀಗ ಹಾಕು.

ಹೋದ ತಿಂಗಳು ಅವಳು ‘ಬದುಕಿರೋದೇ ಬೇಡ ಅನ್ಸತ್ತಪ್ಪಾ’ ಅಂದಾಗ ನೀನು ‘ಛೆ, ಬಿಡ್ತು ಅನ್ನು!’ ಎಂದು ಗದರಿದೆ. ಒಳ್ಳೆಯ ಹುಡುಗಿ, ‘ಬಿಡ್ತು’ ಅಂದಳು. ಓದಿದವರಾದ ನಾವಿಬ್ಬರೂ ಆ ಮಾತು ಅಲ್ಲಿಗೆ ಮುಗಿಯಿತೆಂದು ನಿಶ್ಚಿಂತೆಯಾಗಿ ಹಪ್ಪಳ ಮುರಿದುಕೊಂಡು ಉಂಡೆವು.

ಹಾಸನದ ಡಾಕ್ಟರು ಬಿಡ್ತು ಅನ್ನಿಸಲಿಲ್ಲ. ‘ಸಾಯಬೇಕು ಅನ್ಸತ್ತಾ, ಮರೀ?’ ಎಂದು ನೇರವಾಗಿ ಕೇಳಿ ಸುಮ್ಮನೆ ಕೂತರು. ಅವಳು ಅಳುತ್ತಾ ಎಲ್ಲ ಹೇಳಿದಳು. ಕೇಳಿದರೆ ಎಲ್ಲಿ ನೆನಪು ಮಾಡಿಕೊಟ್ಟಂತಾಗುತ್ತದೋ ಎಂದು ಹೆದರಿದ್ದವರು ನಾವು ಮಾತ್ರ.

ಇವತ್ತು ಮತ್ತೆ ಅಂಥ ಮಾತು ಬಂದರೆ ನೀನೂ ಹಾಗೇ ಕೇಳು. ಉತ್ತರ ಬರೆಸುವ ಮೇಷ್ಟ್ರಾಗಬೇಡ. ಅವಳನ್ನು ಬಿಟ್ಟು ಏಳದೆ ಡಾಕ್ಟರಿಗೆ ಫೋನ್ ಮಾಡು. ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಬಂದ ಕೂಡಲೇ ಫೋನಿಗೆ ಹಾಕಿಕೋ.

ಬೆಳಿಗ್ಗೆ ನೀನು ದಾಳಿಂಬೆ ಬಿಡಿಸಿ, ಒಂದು ಮಾತೂ ಆಡದೆ ಅವಳ ಪಕ್ಕ ಇಟ್ಟು ಹೋದದ್ದನ್ನು ನೋಡಿದೆ. ನೀನು ಇಷ್ಟು ವರ್ಷ ಮಾಡಿದ ಪಾಠಗಳಲ್ಲಿ ಅದೇ ಚೆನ್ನಾಗಿತ್ತು. ಬಟ್ಟಲು ಖಾಲಿಯಾಗಿದೆ.

ಬುಟ್ಟಿಯಲ್ಲಿ ಇನ್ನೊಂದು ಹಣ್ಣಿದೆ.

ಅಮ್ಮ